ಬಾಗಿಲು ಕಾಯುವ ರಾಕ್ಷಸನೂ ಇಪ್ಪತ್ತು ಅಡಿಕೆಯೂ

ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ಕೊಪ್ಪದಲ್ಲಿ ಇಂಗ್ಲಿಷ್ ಮೇಷ್ಟ್ರಾಗಿದ್ದೆ. ಶೃಂಗೇರಿಯಲ್ಲಿ ಲಾಡ್ಜ್ ನೋಡಿಕೊಳ್ಳುತ್ತಿದ್ದ ನನ್ನ ಭಾವ ಒಂದು ದಿನ ದಪ್ಪನೆಯ ಪುಸ್ತಕವೊಂದನ್ನು ತಂದುಕೊಟ್ಟರು. ಸಂಸ್ಕೃತ ಕಲಿಯಲು ಬಂದಿದ್ದ ಬಿಳಿಯನೊಬ್ಬ ರೂಮಿನಲ್ಲಿ ಬಿಟ್ಟುಹೋದದ್ದಂತೆ. ಪುಟ ತೆರೆದರೆ ಬರೀ ರಾಕ್ಷಸರು. “ಮಾಟದ ಪುಸ್ತಕ ಇರ್ಬೇಕು ಮಾರಾಯ, ನೀನೇ ಇಟ್ಕೋ, ನಮ್ಮನೇಲಿ ಬೇಡ” ಅಂದರು.

ಅದು ಆಟದ ಪುಸ್ತಕ. ಮೇಜಿನ ಸುತ್ತ ಕೂತವರು ಒಬ್ಬೊಬ್ಬರು ಒಬ್ಬೊಬ್ಬ ವೀರನಾಗಿ ಬಾಯಲ್ಲೇ ಗುಹೆ ಹೊಗಬೇಕು, ಬಾಯಲ್ಲೇ ರಾಕ್ಷಸರನ್ನು ಕೊಲ್ಲಬೇಕು. ರಾಕ್ಷಸರೆಲ್ಲ ಒಬ್ಬನ ಪಾಲಿಗೆ. ತೀರ್ಪು ಹೇಳುವವನೂ ಅವನೇ. ಅಷ್ಟು ಇಂಗ್ಲಿಷ್ ಓದಲು ಬರುತ್ತಿದ್ದವನು ನಮ್ಮಲ್ಲಿ ನಾನೊಬ್ಬನೇ ಆದ್ದರಿಂದ ಆ ಅಧಿಕಾರ ನನಗೆ ಬಂತು, ತಲೆಗೂ ಏರಿತು.

ಬಸ್‌ಸ್ಟ್ಯಾಂಡಿನ ಹತ್ತಿರ ನನ್ನ ಗೆಳೆಯನ ಟೈಲರ್ ಅಂಗಡಿ ಇತ್ತು. ಭಾನುವಾರ ಮಧ್ಯಾಹ್ನ ಅವನ ಬಟ್ಟೆ ಕತ್ತರಿಸುವ ಮೇಜೇ ನಮ್ಮ ಗುಹೆ. ಅವನಲ್ಲದೆ ಇನ್ನಿಬ್ಬರು: ಪೋಸ್ಟ್ ಆಫೀಸಿನ ಗುಮಾಸ್ತ, ಮತ್ತೆ ನರಸಿಂಹರಾಜಪುರದಿಂದ ಬಸ್ಸಿನಲ್ಲಿ ಬರುತ್ತಿದ್ದ ಬಟ್ಟೆ ವ್ಯಾಪಾರಿ. ಮೊದಲ ದಿನವೇ ಗುಮಾಸ್ತ ತಗಾದೆ ತೆಗೆದ. ಪುಸ್ತಕದ ಪ್ರಕಾರ ಮಾಂತ್ರಿಕನಿಗೆ ಒಮ್ಮೆ ಹೇಳಿದ ಮಂತ್ರ ಮರೆತುಹೋಗುತ್ತದೆ. “ಹೇಳಿದ ಕೂಡ್ಲೆ ಮರೆತು ಹೋಗೋದು ಎಂತಾ ಮಂತ್ರ ಮಾರಾಯ? ಶೃಂಗೇರಿಲಿ ಹೇಳಿದ್ರೆ ನಗ್ತಾರೆ.” ಕವಚ ಗಟ್ಟಿಯಾದಷ್ಟೂ ಅದರ ಅಂಕಿ ಚಿಕ್ಕದಾಗುತ್ತದೆ ಎಂಬ ನಿಯಮ ಕೇಳಿ ಟೈಲರ್ ಮೆಲ್ಲಗೆ, “ಇದನ್ನ ಬರೆದವನು ಯಾವತ್ತೂ ಅಳತೆ ತಗೊಂಡವನಲ್ಲ” ಅಂದ. ಆವತ್ತು ಅವನು ಆಡಿದ ಮಾತು ಅಷ್ಟೇ. ನಾಲ್ಕು ಜನ ಸೇರಿದರೆ ಅವನ ಗಂಟಲು ಕಟ್ಟುತ್ತಿತ್ತು.

ಇಪ್ಪತ್ತು ಮುಖದ ದಾಳ ಬೇಕೆಂದು ಪುಸ್ತಕ ಹೇಳುತ್ತಿತ್ತು. ಕೊಪ್ಪದಲ್ಲಿ ಅದೆಲ್ಲಿ ಸಿಗಬೇಕು? ಟೈಲರೇ ಇಪ್ಪತ್ತು ಅಡಿಕೆ ಆರಿಸಿ, ಮಸಿಯಲ್ಲಿ ಅಂಕಿ ಬರೆದು, ಗುಂಡಿಯ ಡಬ್ಬಿಗೆ ಹಾಕಿಟ್ಟ. ಪ್ರತಿ ವೀರನಿಗೂ ಒಂದು ಚೀಟಿ, ಅದರಲ್ಲಿ ತೋಳಿಗಿಷ್ಟು, ಮಾತಿಗಿಷ್ಟು ಎಂದು ಬಲದ ಅಂಕಿ. ನೋಡದೆ ಒಂದು ಅಡಿಕೆ ತೆಗೆಯಬೇಕು. ಅಡಿಕೆಯ ಅಂಕಿ ನಿಮ್ಮ ವೀರನ ಆ ಬಲದ ಅಂಕಿಯನ್ನು ಮೀರದಿದ್ದರೆ ಕೆಲಸ ಗೆದ್ದಂತೆ. ಟೈಲರನ ವೀರನಿಗೆ ಅದೃಷ್ಟವಶಾತ್ ಮಾತಿನ ಬಲ ಹದಿನೆಂಟು ಬಿದ್ದಿತ್ತು. ಒಂದು ಭಾನುವಾರ ಅವನು ಒಂದೇ ಅಡಿಕೆ ತೆಗೆದು ಕಳ್ಳರ ದಂಡನ್ನೇ ಒಲಿಸಿಕೊಂಡ. ಆವತ್ತು ಎಲ್ಲರಿಗೂ ಅವನೇ ಕಾಫಿ ತರಿಸಿದ.

ನನಗೆ ಅದು ಸರಿ ಕಾಣಲಿಲ್ಲ. ನಾವು ತಾಳಮದ್ದಳೆಯ ಊರಿನವರು. ವೇಷವಿಲ್ಲದೆ ಕೂತಲ್ಲೇ ಪಾತ್ರವಾಗಿ ರಾತ್ರಿಯಿಡೀ ವಾದ ಮಾಡುವುದನ್ನು ಕೇಳಿ ಬೆಳೆದವರು. ಮಾತಿನಲ್ಲಿ ಗೆಲ್ಲುವುದಾದರೆ ಮಾತಾಡಿಯೇ ಗೆಲ್ಲಬೇಕು, ಅಡಿಕೆಗೇನು ಗೊತ್ತು? ಹಾಗಂತ ನಾನು ನಿಯಮ ತಿದ್ದಿದೆ. ಗುಮಾಸ್ತನೂ ವ್ಯಾಪಾರಿಯೂ ಕುಣಿದಾಡಿದರು, ಇಬ್ಬರೂ ಮಾತಿನ ಮಲ್ಲರು. ಕಾದಾಟ ಬಂದರೆ ಬೇರೆ ಬರೆದುಕೊಂಡರಾಯಿತೆಂದು ವ್ಯಾಪಾರಿ ಆ ಅಡಿಕೆಗಳ ಮಸಿ ಕೆರೆದು ಎಲೆಯ ಜೊತೆ ಜಗಿದು ಮುಗಿಸಿದ.

ಮುಂದಿನ ವಾರವೇ ಗುಹೆಯಲ್ಲಿ ಬಾಗಿಲು ಕಾಯುವ ರಾಕ್ಷಸ ಎದುರಾದ, ಮಾತಿನಲ್ಲಿ ಒಪ್ಪಿಸಿದರಷ್ಟೇ ದಾರಿ ಬಿಡುವವನು. ಅವರು ಧರ್ಮ ಎಂದರು, ನಾನು ಕರ್ತವ್ಯ ಎಂದೆ. ವ್ಯಾಪಾರಿ ಉರ್ದು ಬೆರೆಸಿ ಬೈದ, ನಾನು ಶ್ಲೋಕ ಹೇಳಿದೆ. ಮೂರು ಭಾನುವಾರ ಕಳೆದರೂ ಬಾಗಿಲು ತೆರೆಯಲಿಲ್ಲ. ರಾಕ್ಷಸನೂ ನಾನೇ, ತೀರ್ಪುಗಾರನೂ ನಾನೇ. ಸೋಲಲು ನನಗೇನು ಹುಚ್ಚೇ? ಎರಡನೆಯ ವಾರದಿಂದ ಟೈಲರ್ ಮೂಲೆಗೆ ಹೋಗಿ ಮೆಷಿನ್ ತುಳಿಯತೊಡಗಿದ್ದ. ಆ ಸದ್ದಿಗೆ ನಾವು ದನಿ ಏರಿಸಿದೆವು.

ಮೂರನೆಯ ವಾರ ಉಳಿದವರು ಹೋದ ಮೇಲೆ, “ನೀನ್ಯಾಕೆ ಆಡೋದಿಲ್ಲ?” ಅಂತ ಕೇಳಿದೆ. ಅವನು ಜೇಬಿನಿಂದ ತನ್ನ ವೀರನ ಚೀಟಿ ತೆಗೆದು ಮೇಜಿನ ಮೇಲಿಟ್ಟ.

“ನನ್ನ ವೀರನಿಗೆ ಮಾತಿಗೆ ಹದಿನೆಂಟು ಇತ್ತು ಮಾರಾಯ. ನೀವು ಅಡಿಕೆ ತಿಂದ್ಬಿಟ್ರಿ. ಈಗ ನನಗೆಷ್ಟಿದೆಯೋ ಅಷ್ಟೇ.”

ಅವನದೇ ಅಂಗಡಿಯಲ್ಲಿ, ಅವನದೇ ಮೇಜಿನಿಂದ ನಾನು ಅವನನ್ನು ಎಬ್ಬಿಸಿದ್ದೆ. ನಾಚಿಕೆಯಾಯಿತು. ಖಡ್ಗ ಹಿಡಿಯಲು ಬಾರದ ಗುಮಾಸ್ತನ ಪರವಾಗಿ ಅವನ ವೀರ ಹೊಡೆದಾಡಬಹುದು ಅಂತಾದರೆ, ಮಾತು ಬಾರದವನ ಪರವಾಗಿ ಅವನ ವೀರ ಯಾಕೆ ಮಾತಾಡಬಾರದು? ಆ ಪುಸ್ತಕ ಬರೆದವನಿಗೆ ತಿಳಿದಿದ್ದ ಇಷ್ಟು ಸಣ್ಣ ವಿಷಯ ಮೇಷ್ಟ್ರಿಗೆ ತಿಳಿದಿರಲಿಲ್ಲ.

ಮುಂದಿನ ಭಾನುವಾರ ಹೊಸ ಇಪ್ಪತ್ತು ಅಡಿಕೆಗೆ ನಾನೇ ಅಂಕಿ ಬರೆದು ತಂದೆ. ವ್ಯಾಪಾರಿಯ ಕೈಗೆಟುಕದಂತೆ ಡಬ್ಬಿಯನ್ನು ಟೈಲರನ ಮುಂದಿಟ್ಟೆ. ಅವನು ಮೆಷಿನ್ ನಿಲ್ಲಿಸಿ ಎದ್ದು ಬಂದು ಕೈ ಹಾಕಿದ. ಹದಿನೇಳು.

ಗೆದ್ದಿದ್ದ. ಆದರೂ ಏನಾದರೂ ಹೇಳುತ್ತಾನೇನೋ ಎಂದು ಮೂವರೂ ಅವನ ಮುಖ ನೋಡಿದೆವು. ಅವನು ಗಂಟಲು ಸರಿಮಾಡಿಕೊಂಡು ರಾಕ್ಷಸನನ್ನು, ಅಂದರೆ ನನ್ನನ್ನು, ನೋಡಿದ.

“ಬಾಗಿಲು ತೆಗಿ ಮಾರಾಯ.”

ನನ್ನ ಹತ್ತಿರ ಇನ್ನೂ ಎರಡು ಶ್ಲೋಕ ಉಳಿದಿದ್ದವು. ನುಂಗಿಕೊಂಡು ಬಾಗಿಲು ತೆಗೆದೆ.