ಒಂದು ಮೊಳ, ಮೇಲೊಂದು ವಾಚು

ನಮ್ಮ ಮುನಿಯಕ್ಕನ ಎಡಗೈಯಲ್ಲಿ ಈಗ ಒಂದು ವಾಚಿದೆ. ಗಾಂಧಿ ಬಜಾರಿನಲ್ಲಿ ಹೂ ಕೊಳ್ಳೋಕೆ ನಿಂತವರು ಯಾರಾದರೂ ಟೈಮೆಷ್ಟಮ್ಮ ಅಂತ ಕೇಳಿದರೆ, ನಿಮ್ಮ ಮೊಬೈಲಲ್ಲೇ ನೋಡ್ಕಳಿ ಅಂತಾಳೆ. ಕೇಳಿದವರು ಪೆಚ್ಚಾಗುತ್ತಾರೆ. ಆ ವಾಚು ಟೈಮು ನೋಡಲಿಕ್ಕೆ ಕೊಂಡದ್ದಲ್ಲ. ಕೊಳ್ಳುವ ಹಾಗಾಗಿದ್ದೇ ನನ್ನ ಬಾಯಿಯಿಂದ. ಹಾಗಾಗಿ ಈ ಕಥೆಯನ್ನ ನಾನೇ ಹೇಳಬೇಕು.

ನಾನು ಶೈಲಜಮ್ಮ. ಮನೆ ಶಂಕರಪುರದಲ್ಲಿ. ಮೂವತ್ತಮೂರು ವರ್ಷ ಅಂಚೆ ಕಚೇರಿಯ ಕೌಂಟರಿನಲ್ಲಿ ಕೂತು ಲಕೋಟೆ ತೂಗಿದವಳು. ಒಂದು ಗ್ರಾಂ ಜಾಸ್ತಿಯಿದ್ದರೂ ಇನ್ನೊಂದು ಸ್ಟಾಂಪು ಹಚ್ಚಿಕೊಂಡು ಬನ್ನಿ ಅಂತ ವಾಪಸ್ಸು ಕೊಡುತ್ತಿದ್ದೆ. ಎದುರಿಗೆ ಯಾರೇ ನಿಂತಿರಲಿ, ಮುಲಾಜಿಲ್ಲ. ನಮ್ಮ ಯಜಮಾನರು ಮಲ್ಲಿಕಾರ್ಜುನಯ್ಯನವರು, ನಿನ್ನ ನಾಲಿಗೆಯನ್ನೂ ಒಂದು ಸಲ ಆ ತಕ್ಕಡಿಗೆ ಹಾಕಿ ನೋಡೇ ಅನ್ನುತ್ತಿದ್ದರು. ನಾನು ಕೇಳಿಸಿಕೊಳ್ಳಲಿಲ್ಲ. ಅವರು ಇರುವಾಗ ಯಾವ ಮಾತು ಕೇಳಿದೆ ಬಿಡಿ.

ಮುನಿಯಕ್ಕ ನಮಗೆ ವರ್ತನೆ ಹೂ ಕೊಡುವವಳು. ದಿನಾ ಬೆಳಿಗ್ಗೆ ಹನುಮಂತನಗರದಿಂದ ಬುಟ್ಟಿ ಹೊತ್ತು ಬಂದು, ಗೊತ್ತು ಮಾಡಿಕೊಂಡ ಮನೆಗಳಿಗೆಲ್ಲ ಹೂ ಹಂಚಿ, ಒಂಬತ್ತು ಗಂಟೆಗೆ ಗಾಂಧಿ ಬಜಾರಿನ ತನ್ನ ಜಾಗದಲ್ಲಿ ಕೂರುತ್ತಾಳೆ. ಇಪ್ಪತ್ತೆಂಟು ವರ್ಷದಿಂದ ಇದೇ. ಮಗಳು ಬಿಂದುವನ್ನು ಓದಿಸಿದ್ದು, ಮದುವೆ ಮಾಡಿದ್ದು ಎಲ್ಲ ಈ ಬುಟ್ಟಿಯಿಂದಲೇ. ಗಂಡನ ವಿಷಯ ಅವಳು ಎತ್ತುವುದಿಲ್ಲ, ನಾವೂ ಕೇಳುವುದಿಲ್ಲ.

ಹೂವಿನವರ ಅಳತೆ ಮೊಳ. ನಡುಬೆರಳ ತುದಿಯಿಂದ ಮೊಣಕೈವರೆಗೆ ಒಂದು ಮೊಳ. ತಕ್ಕಡಿಯಿಲ್ಲ, ಕೋಲಿಲ್ಲ, ಮಾರುವವಳ ಕೈಯೇ ಅಳತೆ. ಕೆಲವರು ಅಳೆಯುವಾಗ ಹೂವನ್ನು ಮೊಣಕೈಗೆ ಮುಟ್ಟಿಸದೆ ಈಚೆಗೇ ಕತ್ತರಿಸಿಬಿಡುತ್ತಾರೆ, ಕಣ್ಣು ಮಿಟುಕಿಸುವುದರೊಳಗೆ ಆಗಿಹೋಗಿರುತ್ತೆ. ಮುನಿಯಕ್ಕ ಹಾಗಲ್ಲ. ಮೊಳ ಅಳೆದು, ಮೇಲೆ ಒಂದಿಷ್ಟು ಕೊಸರು ಕೊಟ್ಟೇ ಕೊಡುತ್ತಾಳೆ. ನಮ್ಮ ಮನೆಗೆ ಮಾತ್ರ ಕೊಸರನ್ನು ಬೇರೆಯಾಗಿ ಕತ್ತರಿಸಿ, ಬಾಳೆಲೆ ಚೂರಿನಲ್ಲಿ ಸುತ್ತಿ ಕೊಡುವುದು ರೂಢಿ. ಮೊಳ ದೇವರಿಗೆ, ಕೊಸರು ನನ್ನ ತಲೆಗೆ. ಕೊಡುವಾಗ ‘ಇದು ನಿಮಗೆ’ ಅಂತ ಒಂದು ಮಾತು.

ಆರು ವರ್ಷದ ಹಿಂದೆ ಯಜಮಾನರು ಹೋದರು. ಶಿವಗಣಾರಾಧನೆ ಮುಗಿದ ಮರುದಿನ ಬೆಳಿಗ್ಗೆ ಮನೆ ತುಂಬ ನೆಂಟರು. ಹೂ ಮುಡಿಯಬೇಡ ಅಂತ ನನಗೆ ಯಾರೂ ಹೇಳಲಿಲ್ಲ. ಹೇಳುವವರಲ್ಲ ನಮ್ಮವರು. ಬಾಯಿ ತೆಗೆದರೆ ಶರಣರ ಮಾತೇ ಆಡುತ್ತೇವೆ, ಹೂವಿನ ವಿಷಯ ಬಂದಾಗ ಮಾತ್ರ ಎಲ್ಲರೂ ನೆಲ ನೋಡುತ್ತೇವೆ. ನಾನೂ ನೆಲವನ್ನೇ ನೋಡುತ್ತಿದ್ದೆ. ಆಗ ಗೇಟಿನ ಹತ್ತಿರ ಮುನಿಯಕ್ಕ ಕೂಗಿದಳು. ಹೋದೆ. ಅಷ್ಟೂ ಜನ ನೋಡುತ್ತಿದ್ದ ಹಾಗೆ ದೇವರ ಹೂ ಕೊಟ್ಟಳು, ಆಮೇಲೆ ಬಾಳೆಲೆಯ ಪೊಟ್ಟಣ ಕೊಟ್ಟು, “ಇದು ನಿಮಗೆ” ಅಂದಳು. ನಿನ್ನೆ ಮೊನ್ನೆ ಏನೂ ಆಗೇ ಇಲ್ಲವೇನೋ ಎನ್ನುವ ಹಾಗೆ ಬುಟ್ಟಿ ಎತ್ತಿಕೊಂಡು ಮುಂದಿನ ಮನೆಗೆ ಹೋದಳು. ನಾನು ಒಳಗೆ ಬಂದು ಮುಡಿದುಕೊಂಡೆ. ಆವತ್ತು ಅವಳು ಆ ಪೊಟ್ಟಣ ಕೊಡದೆ ಹೋಗಿದ್ದರೆ ನಾನು ಜನ್ಮದಲ್ಲಿ ಇನ್ನು ಹೂ ಮುಡಿಯುತ್ತಿರಲಿಲ್ಲ, ನಿಜ ಹೇಳ್ತೀನಿ.

ಇಂಥವಳಿಗೆ ನಾನು ಮಾಡಿದ್ದೇನು ಕೇಳಿ.

ನಮ್ಮ ದೇವರ ಮನೆಯಲ್ಲಿ ಶಿವನ ದೊಡ್ಡ ಪಟ ಒಂದಿದೆ. ಅದರ ಎರಡು ಪಕ್ಕಕ್ಕೂ ನಮ್ಮತ್ತೆ ಹಾಕಿಸಿದ ಹಿತ್ತಾಳೆ ಕೊಕ್ಕೆಗಳಿವೆ. ಮುನಿಯಕ್ಕನ ಒಂದು ಮೊಳ ಹೂ ಈ ಕೊಕ್ಕೆಯಿಂದ ಆ ಕೊಕ್ಕೆಗೆ ಸರಿಯಾಗಿ ಮುಟ್ಟುತ್ತಿತ್ತು, ಇಪ್ಪತ್ತೆಂಟು ವರ್ಷ. ಹೋದ ಸಲ ಶ್ರಾವಣಕ್ಕೆ ಮುಂಚೆ ಅವಳಿಗೆ ಜ್ವರ ಬಂದು ಎರಡು ವಾರ ಮಲಗಿದ್ದಳು, ಬಿಂದು ಬಂದು ಹೂ ಕೊಟ್ಟು ಹೋಗುತ್ತಿದ್ದಳು. ಮುನಿಯಕ್ಕ ಎದ್ದು ಓಡಾಡೋಕೆ ಶುರು ಮಾಡಿದ ಮೇಲೆ ನೋಡುತ್ತೇನೆ, ಹೂ ಆ ಕಡೆಯ ಕೊಕ್ಕೆಗೆ ಮುಟ್ಟುತ್ತಿಲ್ಲ. ಒಂದು ದಿನವಾದರೆ ಸರಿ, ಹತ್ತು ದಿನ ಹಾಗೇ ಆಯಿತು. ಶ್ರಾವಣದಲ್ಲಿ ಹೂವಿನ ರೇಟು ಏರುತ್ತೆ, ಎಲ್ಲರಿಗೂ ಗೊತ್ತು. ನನ್ನ ತಲೆಯಲ್ಲಿ ಲೆಕ್ಕ ತಕ್ಷಣ ಕೂತಿತು.

ಸೋಮವಾರ ನೇರ ಗಾಂಧಿ ಬಜಾರಿಗೆ ಹೋದೆ. ನಾಲ್ಕೈದು ಹೆಂಗಸರು ಹೂವಿಗೆ ನಿಂತಿದ್ದರು, ನಮ್ಮ ಹಿಂದಿನ ಬೀದಿಯ ಯಮುನಾನೂ ಇದ್ದಳು. ಅಷ್ಟು ಜನರ ಮುಂದೆ ಅಂದುಬಿಟ್ಟೆ: “ರೇಟು ಏರಿದ ಹಾಗೆ ಮೊಳ ಇಳೀತೇನು ಮುನಿಯಕ್ಕ? ಇಷ್ಟು ವರ್ಷದ ಮೇಲೆ ನಮಗೇ ಟೋಪಿ ಹಾಕ್ತೀಯಾ?”

ಅವಳು ನನ್ನ ಮುಖ ನೋಡಿದಳು. ಆಮೇಲೆ ಕೈಯಲ್ಲಿದ್ದ ಹೂ ನೋಡಿದಳು. ಎದುರು ಮಾತಾಡಿದ್ದರೆ ಜಗಳ ಆಡಿ ಹಗುರಾಗಿ ಮನೆಗೆ ಬರುತ್ತಿದ್ದೆ.

ಮರುದಿನ ವರ್ತನೆ ಹೂ ಬರಲಿಲ್ಲ. ಅದರ ಮರುದಿನವೂ ಇಲ್ಲ. ಸಂಜೆ ಯಮುನಾ ಬಂದು ಸುದ್ದಿ ಹೇಳಿದಳು. ಈಗ ಎಲ್ಲರೂ ಮುನಿಯಕ್ಕನ ಮುಂದೆ ತಮ್ಮ ತಮ್ಮ ಕೈ ಚಾಚಿ ಹೂ ಅಳೆದು ನೋಡುತ್ತಾರಂತೆ. ಕೆಲವರು ಪಕ್ಕದವಳ ಹತ್ತಿರ ಹೋಗುತ್ತಿದ್ದಾರಂತೆ. ಪೋಸ್ಟಾಫೀಸಿನ ಶೈಲಜಮ್ಮನವರೇ ಹೇಳಿದ ಮೇಲೆ ಸುಳ್ಳಿರುತ್ತಾ ಅಂತ ಮಾತಂತೆ. ಯಮುನಾ ಇದನ್ನೆಲ್ಲ ನನಗೆ ಸನ್ಮಾನ ಮಾಡುವ ಹಾಗೆ ಹೇಳಿದಳು. ಸರಿಯಾದದ್ದನ್ನೇ ಹೇಳಿದ್ದೀನಲ್ಲ ಅಂತ ನಾನು ನನಗೇ ಹತ್ತು ಸಲ ಹೇಳಿಕೊಂಡೆ, ಆದರೆ ತಟ್ಟೆಗೆ ಹಾಕಿಕೊಂಡ ಊಟವನ್ನು ಹಾಗೇ ಮುಚ್ಚಿಟ್ಟೆ. ಹೂವಿನವಳ ಮೊಳದ ಮೇಲೆ ಜನಕ್ಕೆ ನಂಬಿಕೆ ಹೋದರೆ ಅವಳ ಹತ್ತಿರ ಉಳಿಯುವುದು ಖಾಲಿ ಬುಟ್ಟಿ ಅಷ್ಟೆ.

ಮೂರನೇ ದಿನ ಮಧ್ಯಾಹ್ನ ಮುನಿಯಕ್ಕ ಬಂದಳು. ಬುಟ್ಟಿ ಇರಲಿಲ್ಲ, ಕೈಯಲ್ಲಿ ಒಂದು ಮೊಳ ಮಲ್ಲಿಗೆ ಮಾತ್ರ. ನಿಮ್ಮ ದೇವರ ಮನೆ ಒಂದು ಸಲ ನೋಡಬಹುದಾ ಅಂತ ಕೇಳಿದಳು. ಇಷ್ಟು ವರ್ಷದಲ್ಲಿ ನಾನು ಅವಳನ್ನು ಗೇಟಿನಿಂದ ಒಳಗೆ ಕರೆದೇ ಇಲ್ಲ ಅನ್ನೋದು ಆಗ ಹೊಳೆಯಿತು. ನಲ್ಲಿಯಲ್ಲಿ ಕಾಲು ತೊಳೆದುಕೊಂಡು ಬಂದು, ತಾನೇ ಹೂವನ್ನು ಒಂದು ಕೊಕ್ಕೆಗೆ ಸಿಕ್ಕಿಸಿ ಆ ಕಡೆಗೆ ಎಳೆದಳು. ಎರಡು ಬೆರಳಷ್ಟು ಕಮ್ಮಿ.

ಆಮೇಲೆ ಎಡಗೈ ಮುಂದೆ ಹಿಡಿದು ಬೆರಳು ನೀಟಲು ನೋಡಿದಳು. ನಡುಬೆರಳು ಅರ್ಧಕ್ಕೇ ನಿಂತಿತು. ಗಿಣ್ಣು ಅಡಿಕೆ ಹಾಗೆ ಊದಿತ್ತು.

“ಚಿಕೂನ್‌ಗುನ್ಯಾ ಬಂದಿತ್ತಲ್ಲ ಅಮ್ಮಾರೆ, ಗಿಣ್ಣೆಲ್ಲ ಹಿಡ್ಕಂಬುಡ್ತು. ಹೂ ಕಟ್ಟಕ್ಕೆ ಬೆರಳು ಬಗ್ಗುದ್ರೆ ಸಾಕು, ಅದುಕ್ಕೇ ಗೊತ್ತಾಗ್ಲಿಲ್ಲ. ಅಳೆಯಕ್ಕೆ ನೀಟಬೇಕು. ನೀವಂದಿದ್ದು ದಿಟ. ನನ್ ಮೊಳ ಕಮ್ಮಿ ಆಗೈತೆ.”

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ನೀವಂದಿದ್ದು ದಿಟ ಅಂದಳಲ್ಲ, ಅದನ್ನು ತಡೆದುಕೊಳ್ಳೋಕಾಗಲಿಲ್ಲ. ಹತ್ತು ದಿನ ಕೊಕ್ಕೆ ನೋಡಿದ್ದೆ, ದಿನಾ ಹೂ ಕೊಡುವ ಕೈಯನ್ನು ಒಂದು ದಿನ ನೋಡಿರಲಿಲ್ಲ. ತಪ್ಪಾಯ್ತು ಅನ್ನೋಕೆ ಬಾಯಿ ಬರಲಿಲ್ಲ. ಹಾಲ್‌ನಲ್ಲಿ ಕೂರಿಸಿ ಕಾಫಿ ಮಾಡಿಕೊಟ್ಟೆ.

ಅವಳು ಸುಮ್ಮನೆ ಬಂದವಳಲ್ಲ, ಎಲ್ಲ ಯೋಚನೆ ಮಾಡಿಕೊಂಡೇ ಬಂದಿದ್ದಳು. ಸೆರಗಿನ ಗಂಟಿನಿಂದ ಬಾಳೆನಾರು ತೆಗೆದು, ಹೂ ಮುಟ್ಟದೆ ಉಳಿದ ಜಾಗವನ್ನು ಅಳೆದು, ಎರಡು ತುದಿಗೂ ಗಂಟು ಹಾಕಿದಳು. ಮೊಳದ ಮೇಲೆ ಇಷ್ಟುದ್ದ ಸೇರಿಸಿ ಕೊಟ್ಟರೆ ಹಳೆಯ ಮೊಳ ಆಗುತ್ತೆ. ಆದರೆ ಆ ಉದ್ದ ಯಾವಾಗಲೂ ಕೈಯಲ್ಲೇ ಇರಬೇಕು, ಗಿರಾಕಿಗಳ ಕಣ್ಣಿಗೆ ಕಾಣಬೇಕು. ಬಳೆ ಜಾರುತ್ತೆ, ಇಂಕಿನ ಗುರುತು ಹೂವಿನ ನೀರಿಗೆ ಹೋಗುತ್ತೆ. ಬ್ಯಾಂಕಿಗೆ ಹೋಗುವ ಒಬ್ಬ ಹುಡುಗಿಯ ಕೈಯಲ್ಲಿ ನಾಲ್ಕು ಮೂಲೆಯ ಉದ್ದನೆ ವಾಚು ನೋಡಿದ್ದಳಂತೆ. ಅಂಥದ್ದೊಂದು ಕಟ್ಟಿಕೊಂಡು, ಮೊಳ ಆದ ಮೇಲೆ ಹೂವನ್ನು ವಾಚಿನ ಈ ಅಂಚಿಂದ ಆ ಅಂಚಿಗೆ ಇಟ್ಟು ಕತ್ತರಿಸೋದು. ದುಂಡನೆಯದಾದರೆ ಅಂಚು ಎಲ್ಲಿ ಅಂತ ಜನ ತಕರಾರು ತೆಗೀತಾರೆ.

ನಾನು ಜಾಣತನ ತೋರಿಸಿದೆ. ಒಂದು ಟೇಪು ತಂದುಕೊಡ್ತೀನಿ, ಮುಗೀತಲ್ಲ ಅಂದೆ. ದೇವರ ಹೂವಿಗೆ ಟೇಪು ಹಿಡಿಯೋಕೆ ಅದೇನು ರವಿಕೆ ಬಟ್ಟೆನಾ ಅಂದಳು. ಹಾಗಾದರೆ ಕೊಸರು ಹೇಗೂ ಕೊಡ್ತೀಯಲ್ಲ, ಅದರಲ್ಲೇ ಸರಿಹೋಯ್ತು ಬಿಡು ಅಂದೆ. ಅದಕ್ಕೆ ಅವಳಿಗೆ ನಿಜವಾಗಿ ಕೋಪ ಬಂತು.

“ಕಮ್ಮಿ ಆಗಿದ್ದು ತುಂಬ್ಸಕ್ಕೆ ಕೊಟ್ರೆ ಅದು ಕೊಸರಾ ಅಮ್ಮಾರೆ?”

ನಾನು ಎದ್ದು ಚಪ್ಪಲಿ ಹಾಕಿಕೊಂಡೆ.

ಚಾಮರಾಜಪೇಟೆಯಲ್ಲಿ ವರದರಾಜ ಅಂತ ಒಬ್ಬರು ವಾಚು ರಿಪೇರಿ ಮಾಡುತ್ತಾರೆ, ಹೊಸದನ್ನೂ ಇಟ್ಟಿದ್ದಾರೆ. ಒಬ್ಬರು ಒಳಗೆ ಹೋದರೆ ಇನ್ನೊಬ್ಬರು ಮೆಟ್ಟಿಲ ಮೇಲೆ ನಿಲ್ಲಬೇಕು, ಅಷ್ಟಗಲದ ಅಂಗಡಿ. ಯಜಮಾನರ ಗಡಿಯಾರಕ್ಕೆಲ್ಲ ಅವರೇ. ಹೆಂಗಸರಿಗೆ ಅಂದ ಕೂಡಲೇ ದುಂಡಗಿನವು ಒಂದು ಡಜನ್ ಸುರಿದರು. ಮುನಿಯಕ್ಕ ಒಂದನ್ನೂ ಮುಟ್ಟಲಿಲ್ಲ. ನಾಲ್ಕು ಮೂಲೆಯದು ಬೇಕು, ಎರಡು ದಿನದ ಮಲ್ಲಿಗೆ ವ್ಯಾಪಾರ ಮೀರಬಾರದು ಅಂದಳು. ಆಮೇಲೆ ತೆಗೆದರು. ಒಂದು ಅಕ್ಕಿಕಾಳಿನಷ್ಟು ಸಣ್ಣದು, ಯಾರಿಗೆ ಕಾಣಬೇಕು? ಇನ್ನೊಂದು ಬಂಗಾರದ ಬಣ್ಣದ್ದು, ಬೆಲೆ ಕೇಳಿ ಇಬ್ಬರೂ ಒಟ್ಟಿಗೆ ಕೈ ಹಿಂದಕ್ಕೆ ತೆಗೆದೆವು. ಮತ್ತೊಂದು ನೋಡೋಕೆ ಚೆನ್ನಾಗಿತ್ತು, ಆದರೆ ನಾಲ್ಕೂ ಮೂಲೆಯನ್ನು ಉರುಟು ಮಾಡಿದ್ದರು. ಅವಳು ಒಂದರ ಮುಳ್ಳನ್ನೂ ನೋಡಲಿಲ್ಲ. ಒಂದೊಂದನ್ನೂ ಮಗುಚಿ ಹಾಕಿ ಅದರ ಮೇಲೆ ನಾರು ಇಟ್ಟು ನೋಡುತ್ತಿದ್ದಳು. ವರದರಾಜರು ನನ್ನ ಕಡೆ ನೋಡಿದರು. ನಾನು ಮೇಲೆ ಫ್ಯಾನು ನೋಡಿದೆ.

ನೀರಿನ ಕೆಲಸ ಮಾಡುವ ಕೈ, ಈ ರೇಟಿನ ವಾಚು ನೀರಿಗೆ ನಿಂತುಹೋಗುತ್ತೆ ಅಂತ ಅವರು ಮೊದಲೇ ಎಚ್ಚರಿಸಿದರು.

“ನಿಲ್ಲಲಿ ಬಿಡಿ ಸ್ವಾಮಿ. ನಿಂತೋದ್ರೆ ಉದ್ದ ಕಮ್ಮಿ ಆಗಲ್ಲ ತಾನೆ?”

ನಲವತ್ತು ವರ್ಷದಲ್ಲಿ ಟೈಮು ಬೇಡ ಅಂತ ವಾಚು ಕೊಳ್ಳೋಕೆ ಬಂದವರನ್ನ ಇವತ್ತೇ ನೋಡಿದ್ದು ಅಂತ ಅವರು ಕಣ್ಣಿಗೆ ಹಾಕಿಕೊಂಡಿದ್ದ ಭೂತಗನ್ನಡಿ ತೆಗೆದಿಟ್ಟರು. ಆಗ ನಾನು ಎಲ್ಲ ವಿಷಯ ಹೇಳಿದೆ. ನನ್ನ ಟೋಪಿ ಮಾತನ್ನೂ ಬಿಡದೆ ಹೇಳಿದೆ. ಅವರು ಒಳಗಿನ ಡಬ್ಬ ತೆಗೆದು, ಕಂದು ಪಟ್ಟಿಯ, ಬಿಳಿ ಮುಖದ, ತೆಳ್ಳನೆಯ ಎರಡು ವಾಚು ಇಟ್ಟರು. ನಾರನ್ನು ಈ ಸಲ ನಾನೇ ಇಟ್ಟು ನೋಡಿದೆ. ಒಂದು ನಾರಿಗಿಂತ ಕೂದಲೆಳೆಯಷ್ಟು ಉದ್ದ. ಇನ್ನೊಂದು ಗಂಟಿಗೆ ಗಂಟು ಸರಿ. ಉದ್ದದ್ದೇ ತಗೋ, ಗಿರಾಕಿಗಳಿಗೆ ಖುಷಿ ಆಗುತ್ತೆ ಅಂದೆ. ಜಾಸ್ತಿ ಕೊಡೋದು ನನ್ ಕೈ ಕೊಡ್ಲಿ, ವಾಚ್ಯಾಕೆ ಕೊಡ್ಬೇಕು ಅಂತ ಅವಳು ಸರಿಯಿದ್ದದ್ದನ್ನೇ ಕಟ್ಟಿಕೊಂಡಳು.

ದುಡ್ಡು ನಾನು ಕೊಡ್ತೀನಿ ಅಂತ ಪರ್ಸು ತೆಗೆದೆ. ಅವಳು ನನ್ನ ಕೈ ಹಿಡಿದಳು. ಆ ಸೊಟ್ಟ ಬೆರಳು ನನ್ನ ಮಣಿಕಟ್ಟಿಗೆ ಒತ್ತಿತು.

“ಅಳತೆ ನಂದು ಅಮ್ಮಾರೆ. ಗಿರಾಕಿ ದುಡ್ಡಲ್ಲಿ ತಗಂಡ್ರೆ ನಾಳೆ ಅದು ನಿಮ್ ಪರ ಮಾತಾಡ್ತೈತೆ.”

ಇಂಥ ಮಾತನ್ನು ನಾನು ನನ್ನ ಕೌಂಟರಿನಲ್ಲಿ ಯಾರ ಬಾಯಲ್ಲೂ ಕೇಳಿರಲಿಲ್ಲ. ಪರ್ಸು ಮುಚ್ಚಿದೆ. ವರದರಾಜರು ವಾಚು ಜಾರದ ಹಾಗೆ ಪಟ್ಟಿಗೆ ಎರಡು ತೂತು ಜಾಸ್ತಿ ಹಾಕಿಕೊಟ್ಟರು, ಅದಕ್ಕೆ ಏನೂ ತೆಗೆದುಕೊಳ್ಳಲಿಲ್ಲ. ಹೊಸ ವಾಚು ಓಡದ ಹಾಗೆ ಕೀಲಿಗೆ ಸಿಕ್ಕಿಸಿದ್ದ ಪ್ಲಾಸ್ಟಿಕ್ ಚೂರನ್ನು ಎಳೆಯೋಕೆ ಹೋದರೆ, ಇರಲಿ ಬಿಡಿ, ಪಾಪ ಅದ್ಯಾಕೆ ಓಡ್ಬೇಕು ಅಂದಳು. ವಾಚು ಹತ್ತು ಗಂಟೆ ಹತ್ತು ನಿಮಿಷಕ್ಕೇ ನಿಂತಿದೆ, ಇವತ್ತಿಗೂ.

ವಾಚಿನ ಕೆಲಸ ಮುಗಿದಿತ್ತು, ನನ್ನದು ಮುಗಿದಿರಲಿಲ್ಲ. ಬಜಾರಿನಲ್ಲಿ ಆಡಿದ ಮಾತನ್ನು ಮನೆಯ ಹಾಲ್‌ನಲ್ಲಿ ಕಾಫಿ ಕೊಟ್ಟು ವಾಪಸ್ಸು ತಗೊಳ್ಳೋಕಾಗಲ್ಲ. ಮುಂದಿನ ಸೋಮವಾರ ಒಂಬತ್ತಕ್ಕೇ ಗಾಂಧಿ ಬಜಾರಿಗೆ ಹೋದೆ. ಹೆಂಗಸರು ನಿಂತಿದ್ದರು. ಯಮುನಾ ಸೀರೆ ಸೆರಗು ಸರಿಸಿ ಕೈ ಚಾಚಿ ಅಳೆಯೋಕೆ ಸಿದ್ಧವಾಗೇ ಇದ್ದಳು. ಮುನಿಯಕ್ಕ ಮೊಳ ಅಳೆದು, ವಾಚಿನ ಮೇಲೆ ಹೂ ಇಟ್ಟಾಗ ಯಾರೋ ನಕ್ಕರು, ಇದೇನು ಹೊಸ ಅಳತೆ ಅಂತ.

ನನಗೆ ಮೂವತ್ತಮೂರು ವರ್ಷ ಜೋರಾಗಿ ಮಾತಾಡಿ ಅಭ್ಯಾಸ. ಆವತ್ತೂ ಎಲ್ಲರಿಗೂ ಕೇಳುವ ಹಾಗೆ ಹೇಳಿದೆ.

“ಜ್ವರದಲ್ಲಿ ಅವಳ ಬೆರಳು ಮಡಚಿಹೋಗಿದೆ. ಆ ಕೊರತೆ ತುಂಬೋಕೆ ತನ್ನ ದುಡ್ಡಲ್ಲಿ ವಾಚು ತಂದಿದ್ದಾಳೆ. ಹೋದ ವಾರ ಇಲ್ಲೇ ನಿಂತು ಟೋಪಿ ಹಾಕ್ತೀಯಾ ಅಂದವಳು ನಾನು. ನಾನು ಹೂ ನೋಡಿದೆ, ಕೈ ನೋಡಲಿಲ್ಲ. ತಪ್ಪಾಯ್ತು ಮುನಿಯಕ್ಕ.”

ಯಮುನಾ ಚಾಚಿದ ಕೈಯನ್ನು ಮೆಲ್ಲಗೆ ಸೆರಗಿನೊಳಗೆ ಎಳೆದುಕೊಂಡಳು. ಆಮೇಲೆ, ನನಗೆ ಎರಡು ಮೊಳ ಕೊಡು, ವಾಚು ಸಮೇತ ಅಂದಳು. ಎಲ್ಲರೂ ನಕ್ಕರು, ಮುನಿಯಕ್ಕನೂ ನಕ್ಕಳು.

ನನ್ನ ಸರದಿ ಬಂತು. ಒಂದು ಮೊಳ ಅಳೆದಳು, ಮೇಲೊಂದು ವಾಚು ಅಳೆದಳು, ದೇವರಿಗೆ ಅಂತ ಕತ್ತರಿಸಿದಳು. ಆಮೇಲೆ ಬುಟ್ಟಿಯಿಂದ ಮತ್ತೆ ಹೂ ಎಳೆದಳು. ಈ ಸಲ ಕೈಗೂ ಇಡಲಿಲ್ಲ, ವಾಚಿಗೂ ಇಡಲಿಲ್ಲ, ಎಳೆದಷ್ಟನ್ನು ಕತ್ತರಿಸಿ ಬಾಳೆಲೆಯಲ್ಲಿ ಸುತ್ತಿದಳು.

“ಇದು ನಿಮಗೆ,” ಅಂದಳು.

ಮನೆಯವರೆಗೆ ಕಾಯಲಿಲ್ಲ ನಾನು. ಅಲ್ಲೇ ಬೀದಿಯಲ್ಲಿ, ಎಲ್ಲರ ಮುಂದೆ ನಿಂತು ಮುಡಿದುಕೊಂಡೆ.