ಗೋಡೆಯಾಚೆಯ ಉತ್ತರ

ಮೂವತ್ತು ವರ್ಷ ಸಮುದ್ರದಂಡೆಯಲ್ಲಿ ಎಳನೀರು ಮಾರಿದವನ ಗಂಟಲು ಅಲೆಗಳ ಜೊತೆ ಜಿದ್ದಿಗೆ ಬಿದ್ದು ಬೆಳೆದದ್ದು. ಮೆಲ್ಲಗೆ ಮಾತಾಡುವುದು ಅವನ ಜಾಯಮಾನದಲ್ಲೇ ಇರಲಿಲ್ಲ. ದಂಡೆಗೆ ಹೋಟೆಲಿನವರ ಬೇಲಿ ಬಿದ್ದ ಮೇಲೆ ಮಹಾನಗರದ ಹಣ್ಣಿನಂಗಡಿ ಸೇರಿದ. ಎರಡು ದಿನದ ಬಸ್ಸಿನಲ್ಲಿ ಸೊಂಟ ಬಿದ್ದುಹೋಗಿತ್ತು. ಬೆಂಕಿಪೊಟ್ಟಣದಂಥ ಕೋಣೆಗೆ ಕೈ ಸುಡುವ ಬಾಡಿಗೆ ಬೇರೆ.

"ಅಕ್ಕಾ, ಬಂದು ಮುಟ್ಟಿದೆ!" ಎಂದು ಫೋನಿನಲ್ಲಿ ಹೇಳಿದ್ದೇ ತಡ, ಪಕ್ಕದ ಕೋಣೆಯವರು ಗೋಡೆಗೆ ಟಪಟಪ ಬಡಿದರು. ನಾಚಿಕೆಯಿಂದ ಹಿಡಿಯಷ್ಟಾದ. ಅಂದಿನಿಂದ ಬರೀ ಪಿಸುಮಾತು. ಅಂಗಡಿಗೆ ಬರುವವರೋ, ಹಣ್ಣಿಗೆ ಬೆರಳು ತೋರಿಸುತ್ತಾರೆಯೇ ಹೊರತು ಬಾಯಿ ಬಿಡುವುದಿಲ್ಲ.

ಭಾನುವಾರ ಮಧ್ಯಾಹ್ನ ತಟ್ಟೆಯ ಮುಂದೆ ಕೂತಾಗ, ತನ್ನೊಡನೆ ಯಾರಾದರೂ ಮಾತಾಡಿ ಮೂರು ದಿನವಾಯಿತೆಂದು ಹೊಳೆಯಿತು. ಗೋಡೆಯ ಕಡೆ ತಿರುಗಿ, ದಂಡೆಯ ಗಂಟಲಿನಲ್ಲೇ ಕೂಗಿದ: "ಊಟ ಆಯ್ತಾ?"

ಟಪಟಪ ಬಡಿತ ಕೇಳಿತು.

"ನಂದು ಈಗ ಶುರು," ಎಂದು ತುತ್ತು ಎತ್ತಿದ.