ಕಥೆ ನಿಮ್ಮದೇ, ನಾನು ಬರೀ ಕೇಳೋಳು
ಅಮೆರಿಕದ ಸೆಂಟರ್‌ವಿಲ್‌ನ ಇಂಡಿಯನ್ ಅಂಗಡಿಯಲ್ಲಿ ಕೊತ್ತಂಬರಿ ಸೊಪ್ಪು ಆರಿಸುತ್ತಿದ್ದ ಹೆಂಗಸರನ್ನೆಲ್ಲ ನಗುನಗುತ್ತಾ ಮಾತಾಡಿಸಿ ಫೋನ್ ನಂಬರ್ ಕೇಳುತ್ತಿದ್ದ ಹರಿಣಿ ಅಕ್ಕನನ್ನು ಮೊದಲ ಸಲ ಕಂಡಾಗ, ಇದು ನೆಟ್‌ವರ್ಕ್ ಮಾರ್ಕೆಟಿಂಗೇ ಸರಿ ಎಂದುಕೊಂಡು ನಾನು ತುಂಬಿದ ಕಾರ್ಟ್ ಬಿಟ್ಟು ಓಡಿದ್ದೆ. ಆಮೇಲೆ ಗೊತ್ತಾಯಿತು, ಆಕೆಯದು ಸ್ತ್ರೀವಾದಿ ಸಂಶೋಧನೆಯಂತೆ: ವಲಸೆ ಬಂದ ಹೆಂಗಸರಿಗೆ ತಮ್ಮ ಫೋಟೊ, ತಮ್ಮ ದನಿಯಲ್ಲಿ ಮೂರು ನಿಮಿಷದ ವಿಡಿಯೊ ಮಾಡಲು ಕಲಿಸಿ, ಅದರ ಮೇಲೆ ಥೀಸಿಸ್ ಬರೆಯುತ್ತಾಳೆ. ಆಫೀಸಿನ ಮೀಟಿಂಗಿನಲ್ಲಿ ಮ್ಯೂಟ್ ತೆಗೆಯಲೂ ಹೆದರುವ ನಾನು ಈಗ ಶನಿವಾರಗಳಂದು ಆಕೆಯ ವೈರು ಹೊರುವ ಬಿಟ್ಟಿ ಆಳು. "ಕಥೆ ನಿಮ್ಮದೇ, ನಾನು ಬರೀ ಕೇಳೋಳು" ಎನ್ನುವುದು ಆಕೆಯ ಮಂತ್ರ. ಹಾಗೆಂದು ಅರ್ಧ ಗಂಟೆ ತಾನೇ ಮಾತಾಡುತ್ತಾಳೆ. ಯಾರಾದರೂ ಸುಖವಾಗಿದ್ದೇನೆ ಎಂದರೆ ಆಕೆಯ ಮುಖ ಬಾಡುತ್ತದೆ. ಅತ್ತರೆ, ಟಿಶ್ಯೂ ಕೊಡುವ ಮೊದಲು ಮೈಕ್ ಸರಿಮಾಡುತ್ತಾಳೆ. ಹೆಂಗಸರು ಉಪ್ಪಿಟ್ಟು ಕೆದಕಿದರೂ ಆಕೆಯ ಕಣ್ಣಿಗೆ ಅದು ಪ್ರತಿರೋಧ. ನಾನು ಕೆದಕಿದರೆ ಬರೀ ಗಂಟು. ಕೆಲಸ ಮಾಡಲು ಬಿಡದ ವೀಸಾದ ದೆಸೆಯಿಂದ ಮನೆಯಲ್ಲೇ ಕೂತಿರುವ ಡೆಂಟಿಸ್ಟ್ ಕಾತ್ಯಾಯಿನಿಯ ವಿಡಿಯೊ ನೋಡಿದ ಅಕ್ಕನ ಪ್ರೊಫೆಸರು, ಥೀಸಿಸ್ ನಿಂತಿರುವುದೇ ಇದರ ಮೇಲೆ ಎಂದಿದ್ದರು. ಕಳೆದ ವಾರ ಕಾತ್ಯಾಯಿನಿ ಬಂದು, "ಇಲ್ಲಿ ಕ್ಲಿನಿಕ್ಕಲ್ಲಿ ಕೆಲಸ ಮಾಡ್ತಿದೀನಿ ಅಂತ ಅಮ್ಮಂಗೆ ಹೇಳ್ಕೊಂಡ್ ಬಂದಿದೀನಿ. ಆ ವಿಡಿಯೊ ಅಳಿಸ್ಬಿಡಿ, ಪ್ಲೀಸ್" ಎಂದಳು. ಹರಿಣಿ ಅಕ್ಕ ಅವಳೆದುರೇ ಡಿಲೀಟ್ ಮಾಡಿದಳು. ಥೀಸಿಸ್ ಒಂದು ವರ್ಷ ಮುಂದಕ್ಕೆ ಹೋಯಿತು. ಕಾತ್ಯಾಯಿನಿ ಹೋದ ಮೇಲೆ ನಾನು, "ಒಂದು ಕಾಪಿ ಇಟ್ಕೋಬಹುದಿತ್ತಲ್ಲ ಅಕ್ಕಾ, ಯಾರಿಗೆ ಗೊತ್ತಾಗ್ತಿತ್ತು?" ಎಂದೆ. ವೈರು ಸುತ್ತುತ್ತಲೇ ಆಕೆ ಹೇಳಿದಳು: "ಯಾಕೋ, ನಿಮ್ಮಪ್ಪಂದಾ ಕಥೆ?"